ಬಿಸಿಲನ್ನರಿತ ಗ್ರಂಥಾಲಯ

ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 140 ಕಿಲೋಮೀಟರು ದೂರದಲ್ಲಿರುವ ಸಿಂಗಪುರಕ್ಕೆ ಋತುಗಳ ಪರಿಚಯವಿಲ್ಲ. ಮಾಗಿಯ ಚಳಿಯನ್ನಾಗಲಿ ಚೈತ್ರದ ಚಿಗುರನ್ನಾಗಲಿ ಆ ನಗರ ಅರಿಯದು. ವರ್ಷದ ಯಾವ ತಿಂಗಳಲ್ಲಿ ಅಲ್ಲಿಗೆ ಹೋಗಿ ಇಳಿದರೂ ಮಧ್ಯಾಹ್ನದ ಉಷ್ಣತೆ 31 ಅಥವಾ 32 ಡಿಗ್ರಿ. ನಡುರಾತ್ರಿಯಲ್ಲಿ ಹೊರಗೆ ಬಂದರೂ 24ಕ್ಕಿಂತ ಕೆಳಗಿಳಿಯುವುದು ಅಪರೂಪ. ಮಳೆ ಬರುವುದಕ್ಕೂ ಅಲ್ಲಿ ಮುಹೂರ್ತವಿಲ್ಲ. ಈಗ ನೆತ್ತಿ ಸುಡುವ ಬಿಸಿಲು, ಇನ್ನೊಂದು ಗಳಿಗೆಯಲ್ಲಿ ಕೊಡೆಯೂ ತಡೆಯಲಾರದ ಸುರಿಮಳೆ. ಗಾಳಿಯಲ್ಲಿ ಸದಾಕಾಲವೂ ನೀರಿನ ಪಸೆ. ನಮ್ಮ ಕರಾವಳಿಯ ಆಷಾಢ ಶ್ರಾವಣಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪೆಟ್ಟಿಗೆಯಲ್ಲಿಟ್ಟ ಬಟ್ಟೆಗೆ ಮುಗ್ಗಲು ವಾಸನೆ, ಕಪಾಟಿನಲ್ಲಿಟ್ಟ ಪುಸ್ತಕಕ್ಕೆ ಬೂಷ್ಟು. ಕರಾವಳಿಯಲ್ಲಿ ಕೆಲವು ತಿಂಗಳು ಕಾಡುವ ಈ ಪೀಡೆ ಸಿಂಗಪುರದಲ್ಲಿ ಹನ್ನೆರಡು ತಿಂಗಳೂ ಉಂಟು.

ಇಂಥ ಹವೆಯಲ್ಲಿ ಒಂದು ದೊಡ್ಡ ಸಾರ್ವಜನಿಕ ಗ್ರಂಥಾಲಯವನ್ನು ಕಟ್ಟುವುದೆಂದರೆ ಒಂದೇ ಸೂರಿನಡಿ ಇಬ್ಬರು ಬೇರೆ ಬೇರೆ ಸ್ವಭಾವದ ಅತಿಥಿಗಳನ್ನು ಇಟ್ಟುಕೊಂಡಂತೆ. ಪುಸ್ತಕಕ್ಕೆ ತಂಪು ಬೇಕು, ಒಣಗಾಳಿ ಬೇಕು, ನಸುಗತ್ತಲು ಬೇಕು. ಬಿಸಿಲು ನೇರವಾಗಿ ಬಿದ್ದರೆ ಕಾಗದ ಹಳದಿಗೆ ತಿರುಗಿ ಪುಡಿಯಾಗುವುದು. ಓದುಗನಿಗೋ ಬೆಳಕು ಬೇಕು. ಪುಟದಿಂದ ತಲೆಯೆತ್ತಿದಾಗ ಕಣ್ಣಿಗೆ ಒಂದಿಷ್ಟು ಆಕಾಶ, ಒಂದಿಷ್ಟು ಹಸುರು ಬೇಕು. ಇಬ್ಬರನ್ನೂ ತೃಪ್ತಿಪಡಿಸುವ ಸುಲಭೋಪಾಯವೊಂದು ಇದ್ದೇ ಇದೆ. ನಾಲ್ಕು ಕಡೆಯೂ ಗಾಜಿನ ಗೋಡೆ ನಿಲ್ಲಿಸಿ, ಒಳಗೆ ನುಗ್ಗುವ ಕಾವನ್ನೆಲ್ಲ ಹವಾನಿಯಂತ್ರಣದ ಯಂತ್ರಗಳಿಂದ ಹೊರದಬ್ಬುವುದು. ಉಷ್ಣದೇಶಗಳ ಎಷ್ಟೋ ನಗರಗಳು ಹಿಡಿದಿರುವ ದಾರಿ ಇದೇ. ಆದರೆ ಸಿಂಗಪುರದ ವಿದ್ಯುತ್ತಿನಲ್ಲಿ ಶೇಕಡಾ 95ರಷ್ಟು ನೈಸರ್ಗಿಕ ಅನಿಲದಿಂದ ಉತ್ಪತ್ತಿಯಾಗತಕ್ಕದ್ದು. ಆ ಅನಿಲವೆಲ್ಲ ಕೊಳವೆಗಳಲ್ಲಿಯೂ ಹಡಗುಗಳಲ್ಲಿಯೂ ಹೊರನಾಡುಗಳಿಂದ ಬರಬೇಕು. ಕುಡಿಯುವ ನೀರಿನಲ್ಲಿಯೂ ಒಂದು ಪಾಲು ನೆರೆಯ ಮಲೇಶಿಯಾದಿಂದ ಬರತಕ್ಕದ್ದು. ತನ್ನ ಹಾಸಿಗೆ ಎಷ್ಟುದ್ದವೆಂದು ಬಲ್ಲ ಸಂಸಾರಸ್ಥನಂತೆ ಆ ಪುಟ್ಟ ನಾಡು ಇನ್ನೊಂದು ದಾರಿಯನ್ನು ಹುಡುಕಿತು. ಅದರ ಫಲವೇ 2005ರಲ್ಲಿ ತೆರೆದ ಅಲ್ಲಿಯ ರಾಷ್ಟ್ರೀಯ ಗ್ರಂಥಾಲಯದ ಹದಿನಾರು ಅಂತಸ್ತಿನ ಸೌಧ.

ಬೀದಿಯೇ ಮನೆಯೊಳಗೆ

ಗ್ರಂಥಾಲಯವಿರುವುದು ಬ್ರಾಸ್ ಬಾಸಾ ಎಂಬ ಹಳೆಯ ಬಡಾವಣೆಯ ಅಂಚಿನಲ್ಲಿ, ವಿಕ್ಟೋರಿಯಾ ಬೀದಿಯ ಮೇಲೆ. ಬ್ರಾಸ್ ಬಾಸಾ ಎಂದರೆ ಮಲಯ ಭಾಷೆಯಲ್ಲಿ ‘ಒದ್ದೆ ಅಕ್ಕಿ’ ಎಂದರ್ಥ. ಹಿಂದೆ ದೋಣಿಗಳಲ್ಲಿ ಬಂದ ಅಕ್ಕಿಯನ್ನು ಇಲ್ಲಿಯ ಹಳ್ಳದ ದಂಡೆಯಲ್ಲಿ ಹರವಿ ಒಣಗಿಸುತ್ತಿದ್ದುದರಿಂದ ಈ ಹೆಸರು ಬಂದಿತೆಂದು ಹೇಳುತ್ತಾರೆ. ಅಕ್ಕಿಯ ಕಾಲ ಮುಗಿದು ಎಷ್ಟೋ ಕಾಲವಾದ ಮೇಲೆ ಇಲ್ಲಿ ಅಕ್ಷರದ ವ್ಯಾಪಾರ ಬೇರೂರಿತು. 1980ರಲ್ಲಿ ತೆರೆದ ಬ್ರಾಸ್ ಬಾಸಾ ಕಾಂಪ್ಲೆಕ್ಸಿನಲ್ಲಿ ಪುಸ್ತಕದಂಗಡಿಗಳು ಸಾಲಾಗಿ ನೆಲೆಸಿ, ಅದಕ್ಕೆ ‘ಪುಸ್ತಕ ನಗರಿ’ ಎಂಬ ಬಿರುದನ್ನು ತಂದುಕೊಟ್ಟವು.

ಬುಗಿಸ್ ರೈಲು ನಿಲ್ದಾಣದಿಂದ ಮೇಲೆ ಬಂದು ಬೆವರೊರೆಸಿಕೊಳ್ಳುತ್ತ ನಡೆಯುವ ಪ್ರವಾಸಿಗನು ಗ್ರಂಥಾಲಯವನ್ನು ಸಮೀಪಿಸಿದಾಗ ಅವನಿಗೊಂದು ಸೋಜಿಗ ಕಾದಿರುತ್ತದೆ. ಮಹಾದ್ವಾರವನ್ನು ಹುಡುಕಿ, ಭಾರದ ಬಾಗಿಲನ್ನು ದೂಡುವುದಕ್ಕೆ ಮೊದಲೇ ಅವನು ನೆರಳಿನೊಳಗೆ ಬಂದಿರುತ್ತಾನೆ. ಕಟ್ಟಡವು ವಾಸ್ತವವಾಗಿ ಒಂದಲ್ಲ, ಎರಡು. ಪುಸ್ತಕ ಭಂಡಾರವುಳ್ಳ ದೊಡ್ಡ ಭಾಗವೊಂದು. ಪ್ರದರ್ಶನ, ಉಪನ್ಯಾಸ, ಸಭೆ ಸಮಾರಂಭಗಳಿಗಾಗಿ ಬಾಗಿದ ಆಕಾರದ ಚಿಕ್ಕ ಭಾಗವಿನ್ನೊಂದು. ಇವೆರಡರ ನಡುವೆ ಒಂದು ಬೀದಿಯೇ ಹಾದುಹೋಗಿದೆ. ಎತ್ತರದಲ್ಲಿ ಅದಕ್ಕೆ ಮಳೆಬಿಸಿಲಿನ ಮರೆಯುಂಟು. ಇಕ್ಕೆಲಗಳನ್ನು ಜೋಡಿಸುವ ಸೇತುವೆಗಳುಂಟು. ಆದರೆ ಬೀದಿಗೆ ಬಾಗಿಲಿಲ್ಲ. ಗಾಳಿ ಒಂದು ಕಡೆಯಿಂದ ಹೊಕ್ಕು ಮತ್ತೊಂದು ಕಡೆಯಿಂದ ಹೊರಟುಹೋಗುತ್ತದೆ.

ತೊಟ್ಟಿಮನೆಯಲ್ಲಿ ಬಾಳಿದವರಿಗೆ ಈ ಉಪಾಯದ ಗುಟ್ಟು ತಿಳಿಯದಿರದು. ಮನೆಯ ನಡುವೆ ಆಕಾಶಕ್ಕೆ ತೆರೆದ ಅಂಗಳವೊಂದಿದ್ದರೆ ಬಿಸಿಗಾಳಿ ಮೇಲೇರಿ ಹೋಗುತ್ತದೆ, ಸುತ್ತಲ ಪಡಸಾಲೆಗಳಿಗೆ ಬೆಳಕು ಬರುತ್ತದೆ, ಮನೆಮಂದಿಗೆ ಕೂಡಿ ಕುಳಿತುಕೊಳ್ಳಲು ಸ್ಥಳವೂ ಆಗುತ್ತದೆ. ಇಲ್ಲಿಯೂ ಹಾಗೆಯೇ. ನೆಲದ ಮಟ್ಟದ ವಿಶಾಲವಾದ ಬಯಲಿಗೆ ಒಂದು ಪೈಸೆಯ ವಿದ್ಯುತ್ತನ್ನೂ ತಂಪಿಗಾಗಿ ವ್ಯಯಿಸಬೇಕಾಗಿಲ್ಲ. ಪುಸ್ತಕ ಸಂತೆ, ಪ್ರದರ್ಶನ ಮೊದಲಾದವು ಆ ನೆರಳಿನಲ್ಲಿಯೇ ನಡೆಯಬಲ್ಲವು. ಗ್ರಂಥಾಲಯದ ಸದಸ್ಯನಲ್ಲದ ದಾರಿಹೋಕನೂ ಒಂದು ಕ್ಷಣ ನಿಂತು ದಣಿವಾರಿಸಿಕೊಂಡು ಮುಂದೆ ಹೋಗಬಹುದು.

ಸೂರ್ಯನ ದಾರಿ

ಈ ಕಟ್ಟಡದ ವಾಸ್ತುಶಿಲ್ಪಿ ಕೆನ್ ಯಾಂಗ್. 1948ರಲ್ಲಿ ಮಲೇಶಿಯಾದ ಪೆನಾಂಗಿನಲ್ಲಿ ಹುಟ್ಟಿದ ಇವರು ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ಪರಿಸರಕ್ಕೆ ಅನುಗುಣವಾದ ವಿನ್ಯಾಸವನ್ನು ಕುರಿತು ಸಂಶೋಧನೆ ನಡೆಸಿ ಡಾಕ್ಟರೇಟ್ ಪಡೆದವರು. ಉಷ್ಣವಲಯದ ಎತ್ತರದ ಕಟ್ಟಡಗಳು ಯೂರೋಪು ಅಮೆರಿಕಗಳ ಗಾಜಿನ ಗೋಪುರಗಳನ್ನು ಅನುಕರಿಸಬೇಕಾಗಿಲ್ಲ, ತಮ್ಮ ಸೂರ್ಯನನ್ನೂ ತಮ್ಮ ಗಾಳಿಯನ್ನೂ ನೋಡಿಕೊಂಡು ಏಳಬೇಕು ಎಂಬುದು ಇವರ ವಾದ. 1992ರಲ್ಲಿ ಕ್ವಾಲಾಲಂಪುರದ ಬಳಿ ಕಟ್ಟಿದ ‘ಮೆನಾರಾ ಮೆಸಿನಿಯಾಗ’ ಎಂಬ ಕಚೇರಿ ಸೌಧದಲ್ಲಿ ಇದನ್ನು ಆಚರಿಸಿ ತೋರಿಸಿದರು. 1995ರಲ್ಲಿ ಅದಕ್ಕೆ ಆಗಾ ಖಾನ್ ಪ್ರಶಸ್ತಿ ದೊರೆಯಿತು.

ಭೂಮಧ್ಯರೇಖೆಯ ಬಳಿಯ ಸೂರ್ಯನಿಗೆ ಒಂದು ನಿಯತವಾದ ನಡೆಯುಂಟು. ಅರ್ಧ ವರ್ಷ ನೆತ್ತಿಯಿಂದ ತುಸು ಉತ್ತರಕ್ಕೆ, ಇನ್ನರ್ಧ ವರ್ಷ ತುಸು ದಕ್ಷಿಣಕ್ಕೆ ಸರಿಯುತ್ತಾನೆ. ನಡುಹಗಲಿನ ಈ ಎತ್ತರದ ಸೂರ್ಯನನ್ನು ತಡೆಯುವುದು ಕಷ್ಟವಲ್ಲ. ಕಿಟಕಿಯ ಮೇಲೆ ಸಜ್ಜಾ ಇದ್ದರೆ ಸಾಕು. ಉಪದ್ರವ ಕೊಡುವವನು ಬೆಳಗಿನ ಮತ್ತು ಸಂಜೆಯ ಸೂರ್ಯ. ಆಗ ಕಿರಣಗಳು ನೆಲಕ್ಕೆ ಸಮಾನಾಂತರವಾಗಿ ಬಂದು ಸಜ್ಜಾದ ಕೆಳಗೆ ನುಸುಳಿ ಕೋಣೆಯ ಹಿಂಗೋಡೆಯನ್ನೇ ಮುಟ್ಟುವುವು. ಆದ್ದರಿಂದ ಕಟ್ಟಡವನ್ನು ಪೂರ್ವ ಪಶ್ಚಿಮಗಳ ನೇರ ಬಿಸಿಲಿಗೆ ಆದಷ್ಟು ಮುಖ ತಿರುಗಿಸಿ ನಿಲ್ಲಿಸಬೇಕೆಂಬುದು ಮೊದಲ ಪಾಠ. ಇದಕ್ಕೆ ಯಂತ್ರ ಬೇಡ, ಹಣ ಬೇಡ. ಮೊದಲ ಗೆರೆಯನ್ನೆಳೆಯುವಾಗ ದಿಕ್ಕನ್ನು ನೋಡುವ ತಾಳ್ಮೆ ಬೇಕು.

ಎರಡನೆಯ ಪಾಠ ನೆರಳಿನದು. ಹೊರಗಿನಿಂದ ನೋಡುವವನ ಕಣ್ಣಿಗೆ ಈ ಸೌಧದಲ್ಲಿ ಮೊದಲು ಬೀಳುವವು ಗೋಡೆಗಳಿಂದ ಹೊರಚಾಚಿದ ಉದ್ದುದ್ದನೆಯ ಬಿಳಿಯ ಅಲಗುಗಳು. ಕೆಲವೆಡೆ ಇವುಗಳ ಚಾಚು ಆರು ಮೀಟರುಗಳವರೆಗೆ ಹೋಗುತ್ತದೆ. ದೂರದಿಂದ ಅಲಂಕಾರದಂತೆ ಕಾಣುವ ಇವು ನಮ್ಮ ಸಜ್ಜಾಗಳ ದಾಯಾದಿಗಳು. ಬಿಸಿಲು ಗಾಜನ್ನು ಮುಟ್ಟಿದ ಮೇಲೆ ಒಳಗೆ ಪರದೆ ಇಳಿಬಿಟ್ಟರೆ ಪ್ರಯೋಜನ ಅಷ್ಟಕ್ಕಷ್ಟೆ. ಕಾವು ಆಗಲೇ ಮನೆಯೊಳಗೆ ಬಂದಿರುತ್ತದೆ. ಹೊರಗೇ ತಡೆದರೆ ಅದು ಹೊರಗೇ ಉಳಿಯುತ್ತದೆ. ಹೀಗೆ ಬಿಸಿಲನ್ನು ತಡೆದ ಮಾತ್ರಕ್ಕೆ ಬೆಳಕನ್ನು ಕಳೆದುಕೊಳ್ಳಬೇಕಾಗಿಲ್ಲ. ಅಲಗಿನ ಮೇಲ್ಮೈಗೆ ಬಿದ್ದ ಬೆಳಕು ಪುಟಿದು ಒಳಗಿನ ಚಾವಣಿಯನ್ನು ಸೇರಿ, ಅಲ್ಲಿಂದ ಮೃದುವಾಗಿ ಓದುಗನ ಮೇಜಿನ ಮೇಲಿಳಿಯುತ್ತದೆ. ಕಣ್ಣು ಕುಕ್ಕುವ ಪ್ರಖರತೆ ಹೋಗಿ ಓದಲು ಹಿತವಾದ ಕಾಂತಿ ಉಳಿಯುತ್ತದೆ. ಕಿಟಕಿಯ ಬಳಿ ಸಾಕಷ್ಟು ಬೆಳಕಿದ್ದಾಗ ಅಲ್ಲಿಯ ವಿದ್ಯುದ್ದೀಪಗಳು ತಾವಾಗಿ ಮಂಕಾಗುವ ವ್ಯವಸ್ಥೆಯುಂಟು. ಮೋಡ ಕವಿದರೆ ಅವೇ ಮತ್ತೆ ಪ್ರಕಾಶಿಸುವುವು.

ಎಲ್ಲಿ ತಂಪು, ಎಷ್ಟು ತಂಪು

ಮೂರನೆಯ ಪಾಠವನ್ನು ನಮ್ಮ ಹಳೆಯ ಗೃಹಿಣಿಯರು ಯಾವ ವಿಶ್ವವಿದ್ಯಾನಿಲಯಕ್ಕೂ ಹೋಗದೆ ಬಲ್ಲವರಾಗಿದ್ದರು. ಇಡೀ ಮನೆಗೆ ದೀಪ ಹಚ್ಚಬೇಕಾಗಿಲ್ಲ, ಕೆಲಸವಿರುವೆಡೆ ಹಚ್ಚಿದರಾಯಿತು. ಕೆನ್ ಯಾಂಗ್ ಈ ಗ್ರಂಥಾಲಯದ ಸ್ಥಳವನ್ನೆಲ್ಲ ಹಾಗೆ ಪಾಲುಮಾಡಿದ್ದಾರೆ. ಮೆಟ್ಟಿಲು, ಲಿಫ್ಟಿನ ಮುಂದಣ ಮೊಗಸಾಲೆ, ಶೌಚಾಲಯಗಳಂಥ ಕಡೆ ಹೊರಗಿನ ಗಾಳಿ ಬೆಳಕುಗಳೇ ಸಾಕು. ಜನರು ಬಂದು ಹೋಗುವ ಪ್ರವೇಶದ ಭಾಗಗಳಲ್ಲಿ ಗಾಳಿಯೂ ಯಂತ್ರವೂ ಕೂಡಿ ಕೆಲಸ ಮಾಡಿದರೆ ಸಾಕು. ಪೂರ್ಣ ಪ್ರಮಾಣದ ಹವಾನಿಯಂತ್ರಣವು ಓದುವ ಕೋಣೆಗಳಿಗೂ ಗ್ರಂಥ ಭಂಡಾರಗಳಿಗೂ ಮೀಸಲು. ಅಲ್ಲಿ ಜಿಪುಣತನ ಸಲ್ಲದು. ಏಳರಿಂದ ಹದಿಮೂರನೆಯ ಅಂತಸ್ತಿನವರೆಗೆ ವ್ಯಾಪಿಸಿರುವ ಲೀ ಕಾಂಗ್ ಚಿಯನ್ ಪರಾಮರ್ಶನ ಗ್ರಂಥಾಲಯದಲ್ಲಿ ಇಂಗ್ಲಿಷ್, ಮಲಯ, ಚೀನೀ, ತಮಿಳು ಎಂಬ ನಾಲ್ಕು ಭಾಷೆಗಳ ಭಂಡಾರವಿದೆ, ಅಪೂರ್ವ ಗ್ರಂಥಗಳಿವೆ. ಒಂದು ವಾರ ತಂಪು ತಪ್ಪಿದರೂ ಬೂಷ್ಟು ಹಿಡಿಯುವ ಹವೆಯಲ್ಲಿ, ಒಂದೇ ಪ್ರತಿ ಉಳಿದಿರುವ ಪುಸ್ತಕದೊಡನೆ ಪ್ರಯೋಗ ನಡೆಸುವಂತಿಲ್ಲ. ಬೇಡದ ಕಡೆ ಉಳಿಸಿದ್ದನ್ನು ಬೇಕಾದ ಕಡೆ ಧಾರಾಳವಾಗಿ ಬಳಸುವುದೇ ಇಲ್ಲಿಯ ನೀತಿ.

ಮೇಲಿನ ಅಂತಸ್ತುಗಳಲ್ಲಿ ಅಲ್ಲಲ್ಲಿ ತೋಟಗಳಿವೆ. ಅವು ಒಟ್ಟಿನಲ್ಲಿ ಆವರಿಸಿರುವ ಜಾಗ 6,000 ಚದರ ಮೀಟರಿಗೂ ಹೆಚ್ಚು. ಗಿಡಮರಗಳ ನೆರಳು ಸುತ್ತಲ ಗೋಡೆಗಳ ಕಾವನ್ನು ತಗ್ಗಿಸುತ್ತದೆ. ಗಂಟೆಗಟ್ಟಲೆ ಓದಿ ಬೇಸತ್ತ ಕಣ್ಣಿಗೆ ವಿಶ್ರಾಂತಿಯನ್ನು ಕೊಡುತ್ತದೆ. ಮಳೆ ಸುರಿಯುವಾಗ ತೋಟಕ್ಕೆ ನೀರು ಹನಿಸುವ ಕೊಳವೆಗಳು ತಾವೇ ನಿಲ್ಲುವಂತೆ ಮಳೆಯನ್ನರಿಯುವ ಉಪಕರಣಗಳನ್ನು ಅಳವಡಿಸಿದ್ದಾರೆ. ನೆಲಮಾಳಿಗೆಯಲ್ಲಿ ಎರವಲು ಪುಸ್ತಕಗಳ ಸಾರ್ವಜನಿಕ ವಿಭಾಗವಿದೆ. ನವೀಕರಣಗೊಂಡು 2024ರ ಜನವರಿಯಲ್ಲಿ ಮತ್ತೆ ತೆರೆದ ಈ ವಿಭಾಗದಲ್ಲಿ ಮಕ್ಕಳ ಭಾಗಕ್ಕೆ ಜೀವವೈವಿಧ್ಯವೇ ವಿಷಯ. ಮೇಲಿನ ಕಟ್ಟಡ ಯಾವುದನ್ನು ಮಾತಿಲ್ಲದೆ ಹೇಳುತ್ತಿದೆಯೋ ಅದನ್ನೇ ಚಿಕ್ಕವರು ಕೆಳಗೆ ಚಿತ್ರಗಳಲ್ಲಿ ಓದುತ್ತಾರೆ.

ಕಟ್ಟಡಗಳ ಮಿತವ್ಯಯವನ್ನು ಅಳೆದು ಅಂಕ ಕೊಡುವ ‘ಗ್ರೀನ್ ಮಾರ್ಕ್’ ಎಂಬ ಪದ್ಧತಿಯನ್ನು ಸಿಂಗಪುರ ಸರ್ಕಾರದ ಇಲಾಖೆ ಆರಂಭಿಸಿದ್ದು 2005ರ ಜನವರಿಯಲ್ಲಿ. ಅದೇ ವರ್ಷ ಈ ಗ್ರಂಥಾಲಯವು ಅದರ ಅತ್ಯುನ್ನತ ಶ್ರೇಣಿಯಾದ ಪ್ಲಾಟಿನಂ ಮನ್ನಣೆಯನ್ನು ಪಡೆಯಿತು. ಜುಲೈ 22ರಂದು ಜನರಿಗೆ ಬಾಗಿಲು ತೆರೆಯಿತು. ನವೆಂಬರ್ 12ರಂದು ರಾಷ್ಟ್ರಾಧ್ಯಕ್ಷ ಎಸ್. ಆರ್. ನಾಥನ್ ಅವರು ವಿಧ್ಯುಕ್ತವಾಗಿ ಉದ್ಘಾಟಿಸಿದರು.

ಕೆಂಪಿಟ್ಟಿಗೆಯ ಮನೆ

ನವೆಂಬರ್ 12 ಎಂಬ ತಾರೀಖು ನಗರದ ಹಿರಿಯರಿಗೆ ಹಳೆಯದೊಂದು ದಿನವನ್ನು ನೆನಪಿಗೆ ತರದಿರಲಾರದು. ಸರಿಯಾಗಿ 45 ವರ್ಷಗಳ ಹಿಂದೆ, 1960ರ ನವೆಂಬರ್ 12ರಂದು, ಸ್ಟ್ಯಾಂಫರ್ಡ್ ರಸ್ತೆಯಲ್ಲಿ ಈ ಗ್ರಂಥಾಲಯದ ಹಿಂದಿನ ಮನೆ ತೆರೆದಿತ್ತು. ಅದು ಕೆಂಪಿಟ್ಟಿಗೆಯ ಕಟ್ಟಡ. ಅದರ ಹಿಂದೆಯೂ ಒಂದು ಕಥೆಯುಂಟು. ವಸಾಹತಿನ ಕಾಲದ ರಾಫಲ್ಸ್ ಗ್ರಂಥಾಲಯವು ಚಂದಾ ತೆತ್ತವರಿಗೆ ಮಾತ್ರ ಪುಸ್ತಕ ಕೊಡುತ್ತಿತ್ತು. ರಬ್ಬರು ಮತ್ತು ಅನಾನಸಿನ ವ್ಯಾಪಾರದಲ್ಲಿ ಸಂಪತ್ತು ಗಳಿಸಿದ ಲೀ ಕಾಂಗ್ ಚಿಯನ್ ಎಂಬ ದಾನಿ 1953ರಲ್ಲಿ 3,75,000 ಡಾಲರುಗಳನ್ನು ಕೊಡಲು ಮುಂದೆ ಬಂದರು. ಅವರು ಒಡ್ಡಿದ ಷರತ್ತುಗಳು ಎರಡು: ಗ್ರಂಥಾಲಯ ಎಲ್ಲರಿಗೂ ಉಚಿತವಾಗಿರಬೇಕು, ಏಷ್ಯದ ದೇಶಭಾಷೆಗಳಿಗೂ ಅಲ್ಲಿ ಮನ್ನಣೆ ಸಿಗಬೇಕು. 1957ರ ಆಗಸ್ಟಿನಲ್ಲಿ ಅವರೇ ಶಂಕುಸ್ಥಾಪನೆ ಮಾಡಿದರು.

ಕಟ್ಟಡ ಎದ್ದು ನಿಂತಾಗ ಮೆಚ್ಚಿದವರು ಕಡಿಮೆ. ಪಕ್ಕದಲ್ಲಿಯೇ ಬಿಳಿಯ ಗುಮ್ಮಟದ ಮ್ಯೂಸಿಯಂ ಇರಲು ಈ ಕೆಂಪು ಇಟ್ಟಿಗೆ ಅದಕ್ಕೆ ಹೊಂದುವುದಿಲ್ಲವೆಂದು ಮೂಗು ಮುರಿದವರುಂಟು. ಆದರೆ ಮನೆಯ ಚೆಲುವು ಬಾಳಿದವರ ಬಾಳಿನಿಂದ ಬರತಕ್ಕದ್ದು. ಸುತ್ತಮುತ್ತ ಆಗ ಹೆಸರಾಂತ ಶಾಲೆಗಳಿದ್ದವು. ಶಾಲೆ ಬಿಟ್ಟ ಮಕ್ಕಳು ಮೆಟ್ಟಿಲುಗಳ ಮೇಲೆ ಕುಳಿತು ಪರೀಕ್ಷೆಗೆ ಓದಿದರು, ಗೆಳೆಯರಿಗಾಗಿ ಕಾದರು. ಮನೆಯಲ್ಲಿ ಒಂದು ಪುಸ್ತಕವೂ ಇಲ್ಲದ ಎಷ್ಟೋ ಸಂಸಾರಗಳ ಮಕ್ಕಳಿಗೆ ಲೋಕದ ಮೊದಲ ಪರಿಚಯವಾದದ್ದು ಆ ಕೆಂಪು ಗೋಡೆಗಳ ನಡುವೆ. ನಾಲ್ಕು ದಶಕಗಳಲ್ಲಿ ಆ ಇಟ್ಟಿಗೆ ನಗರದ ಮನಸ್ಸಿಗೆ ಹೊಂದಿಕೊಂಡಿತು.

ಅಷ್ಟರಲ್ಲಿ ಅದಕ್ಕೆ ಆಯುಸ್ಸು ತೀರಿತೆಂಬ ಸುದ್ದಿ ಬಂದಿತು. ನಗರದ ವಾಹನ ಸಂಚಾರಕ್ಕಾಗಿ ಫೋರ್ಟ್ ಕ್ಯಾನಿಂಗ್ ಗುಡ್ಡದಡಿಯಲ್ಲಿ ಸುರಂಗ ಕೊರೆಯಬೇಕು. ಆ ದಾರಿಗೆ ಗ್ರಂಥಾಲಯ ಅಡ್ಡವಾಗಿದೆ. ಸಂರಕ್ಷಿಸುವಷ್ಟು ಶಿಲ್ಪದ ಹಿರಿಮೆ ಕಟ್ಟಡಕ್ಕಿಲ್ಲವೆಂಬುದು ಆಡಳಿತದ ನಿಲುವು. ಸಾಮಾನ್ಯವಾಗಿ ಸರ್ಕಾರದ ಮಾತಿಗೆ ಎದುರಾಡದ ಆ ನಾಡಿನ ಜನ ಪತ್ರಿಕೆಗಳಿಗೆ ಬರೆದರು, ಸಭೆಗಳಲ್ಲಿ ಮಾತನಾಡಿದರು. ವಾಸ್ತುಶಿಲ್ಪಿ ಟೇ ಖೆಂಗ್ ಸೂನ್ ಅವರು 2000ದ ಇಸವಿಯಲ್ಲಿ ಗ್ರಂಥಾಲಯವನ್ನು ಉಳಿಸಿಕೊಳ್ಳುವ ಬದಲಿ ಯೋಜನೆಯೊಂದನ್ನು ರಚಿಸಿ ಮುಂದಿಟ್ಟರು. ಯಾವುದೂ ಫಲಿಸಲಿಲ್ಲ. 2004ರ ಮಾರ್ಚ್ 31ರಂದು ಬಾಗಿಲು ಮುಚ್ಚಿತು. ಅನಂತರ ಕಟ್ಟಡ ನೆಲಸಮವಾಯಿತು. 2007ರ ಜನವರಿಯಲ್ಲಿ ತೆರೆದ ಸುರಂಗದ ಉದ್ದ ಸುಮಾರು 350 ಮೀಟರು. ಮೋಟಾರಿನಲ್ಲಿ ಕುಳಿತವನಿಗೆ ಅದು ಅರ್ಧ ನಿಮಿಷದ ದಾರಿ.

ಲೆಕ್ಕದ ಇನ್ನೊಂದು ಪುಟ

ಇಲ್ಲಿ ವಿಚಾರವಂತರಾದ ಓದುಗರಿಗೆ ಒಂದು ಪ್ರಶ್ನೆ ಏಳುವುದು ಸಹಜ. ಹೊಸ ಸೌಧ ವಿದ್ಯುತ್ತನ್ನು ಉಳಿಸುತ್ತದೆ, ನೀರನ್ನು ಉಳಿಸುತ್ತದೆ, ಸಂತೋಷ. ಆದರೆ ಒಂದು ಕಟ್ಟಡವನ್ನು ಕೆಡವಿದಾಗ ನಷ್ಟವಾಗುವುದು ನೆನಪು ಮಾತ್ರವೇ? ಒಂದೊಂದು ಇಟ್ಟಿಗೆಯನ್ನು ಸುಡುವುದಕ್ಕೂ ಉರುವಲು ಬೇಕಾಗಿತ್ತು. ಒಂದೊಂದು ಮೂಟೆ ಸಿಮೆಂಟಿಗೂ ಗೂಡು ಉರಿದಿತ್ತು. ಜಗತ್ತಿನ ವಾತಾವರಣಕ್ಕೆ ಮನುಷ್ಯನಿಂದ ಸೇರುವ ಇಂಗಾಲದ ಡೈಆಕ್ಸೈಡಿನಲ್ಲಿ ಶೇಕಡಾ 7-8ರಷ್ಟು ಸಿಮೆಂಟಿನ ತಯಾರಿಕೆಯೊಂದರಿಂದಲೇ ಬರುತ್ತದೆಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಗಟ್ಟಿಯಾಗಿ ನಿಂತ ಮನೆಯನ್ನು ಕೆಡವಿದರೆ ಹಿಂದೆ ಸುಟ್ಟ ಉರುವಲು ವ್ಯರ್ಥ. ಅದರ ಬದಲಿಗೆ ಇನ್ನೊಂದನ್ನು ಕಟ್ಟಲು ಮತ್ತೆ ಉರುವಲು. ಹೊಸ ಕಟ್ಟಡವು ದಿನದಿನವೂ ಉಳಿಸುವ ಪುಡಿಗಾಸು ಈ ಸಾಲವನ್ನು ತೀರಿಸಲು ವರ್ಷಗಳೇ ಬೇಕು.

ನ್ಯಾಯವಾಗಿ ಹೇಳುವುದಾದರೆ ಹಳೆಯ ಮನೆ ಆ ಹೊತ್ತಿಗೆ ಇಕ್ಕಟ್ಟಾಗಿತ್ತು. ಬೆಳೆದ ನಗರಕ್ಕೆ ಬೆಳೆದ ಗ್ರಂಥಾಲಯ ಬೇಕೇ ಬೇಕಾಗಿತ್ತು. ಹೊಸದನ್ನು ಕಟ್ಟಿದ್ದರಲ್ಲಿ ತಪ್ಪಿಲ್ಲ. ಕಟ್ಟಿದ ರೀತಿಯಂತೂ ಮೆಚ್ಚತಕ್ಕದ್ದು. ಆದರೆ ಹಳೆಯದು ಒಂದು ಬಡಾವಣೆಯ ಚಿಕ್ಕ ಗ್ರಂಥಾಲಯವಾಗಿಯಾದರೂ ಬದುಕಿ ಉಳಿಯಬಹುದಾಗಿತ್ತು. ಹಸುರು ಕಟ್ಟಡದ ಜಮಾಖರ್ಚಿನಲ್ಲಿ ಕೆಡವಿದ ಕಟ್ಟಡದ ಬಾಬನ್ನೂ ಬರೆಯಬೇಕು. ಅದನ್ನು ಬಿಟ್ಟ ಲೆಕ್ಕ ಅರ್ಧ ಲೆಕ್ಕ.

ಹೊಸ ಸೌಧವನ್ನು ಕಟ್ಟಿದವರಿಗೂ ಈ ಋಣದ ಅರಿವಿದ್ದಿತೆಂದು ತೋರುತ್ತದೆ. ಹಳೆಯ ಕಟ್ಟಡದಿಂದ ಆಯ್ದು ತಂದ ಇಟ್ಟಿಗೆಗಳಿಂದ ನೆಲಮಾಳಿಗೆಯ ಅಂಗಳದಲ್ಲಿ ಒಂದು ಗೋಡೆಯನ್ನು ಕಟ್ಟಿಸಿದರು. ಸ್ಟ್ಯಾಂಫರ್ಡ್ ರಸ್ತೆಯ ಕಡೆ ಹಳೆಯ ಪ್ರವೇಶದ್ವಾರದ ಎರಡು ಕೆಂಪಿಟ್ಟಿಗೆಯ ಕಂಬಗಳು ಸುರಂಗದ ಸಮೀಪದಲ್ಲಿ ಉಳಿದುಕೊಂಡಿವೆ. ಬಾಗಿಲಿಲ್ಲ, ಮನೆಯಿಲ್ಲ, ಬಾಗಿಲ ಕಂಬಗಳು ಮಾತ್ರ. ವಿಷಯ ತಿಳಿಯದವನು ಅವುಗಳನ್ನು ಗಮನಿಸದೆ ಹೋಗುತ್ತಾನೆ. ತಿಳಿದವನು ಒಂದು ಗಳಿಗೆ ನಿಲ್ಲುತ್ತಾನೆ.

ಕ್ವೀನ್ಸ್‌ಟೌನಿನ ಪಾಠ

ಸಿಂಗಪುರದ ಗ್ರಂಥಾಲಯಗಳನ್ನು ನೋಡಹೊರಟ ಪ್ರವಾಸಿಗನು ಇಷ್ಟಕ್ಕೇ ಹಿಂದಿರುಗಬಾರದು. ನಗರದ ನಡುವಿನಿಂದ ಪಶ್ಚಿಮಕ್ಕೆ ರೈಲಿನಲ್ಲಿ ತುಸು ದೂರ ಹೋದರೆ ಕ್ವೀನ್ಸ್‌ಟೌನ್ ಎಂಬ ಬಡಾವಣೆ ಸಿಗುತ್ತದೆ. ಸಿಂಗಪುರದ ಸಾಮಾನ್ಯ ಸಂಸಾರಗಳಿಗಾಗಿ ಸಾಲುಮನೆಗಳ ಎತ್ತರದ ಕಟ್ಟಡಗಳನ್ನು ನಿರ್ಮಿಸಿದ ಮೊದಮೊದಲ ನೆಲೆಗಳಲ್ಲಿ ಇದೂ ಒಂದು. ಇಲ್ಲಿಯ ಶಾಖಾ ಗ್ರಂಥಾಲಯವನ್ನು 1970ರ ಏಪ್ರಿಲ್ 30ರಂದು ಪ್ರಧಾನಿ ಲೀ ಕ್ವಾನ್ ಯೂ ಅವರು ಉದ್ಘಾಟಿಸಿದರು. ಪೂರ್ಣಾವಧಿಯ ಶಾಖೆಗಳಲ್ಲಿ ಇದೇ ಮೊದಲನೆಯದು. ಹದಿನಾರು ಅಂತಸ್ತಿನ ವೈಭವವಿಲ್ಲ, ಆಕಾಶದ ತೋಟಗಳಿಲ್ಲ. ಗಿಡ್ಡನೆಯ ಸಾದಾ ಕಟ್ಟಡ. ಮುಂಭಾಗದಲ್ಲಿ ಕೊರಳಿಗೆ ಕಟ್ಟುವ ಬೋ ಟೈ ಆಕಾರದ ಸಾಲು ಚಿತ್ತಾರಗಳೇ ಅದರ ಒಡವೆ.

ಇಂಥ ಕಟ್ಟಡಕ್ಕೂ ‘ಶಿಲ್ಪದ ಹಿರಿಮೆಯಿಲ್ಲ’ ಎಂಬ ಮಾತು ಸುಲಭವಾಗಿ ಅಂಟಬಹುದಾಗಿತ್ತು. ಆದರೆ ಕೆಂಪಿಟ್ಟಿಗೆಯ ಮನೆ ಉರುಳಿದ ಸುಮಾರು ಹತ್ತು ವರ್ಷಗಳ ಮೇಲೆ, 2013ರಲ್ಲಿ, ನಗರದ ಯೋಜನಾಧಿಕಾರಿಗಳು ಈ ಶಾಖಾ ಗ್ರಂಥಾಲಯವನ್ನು ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿಸುವುದಾಗಿ ಪ್ರಕಟಿಸಿದರು. ಅದು ಮ್ಯೂಸಿಯಂ ಆಗಲಿಲ್ಲ, ಸ್ಮಾರಕವಾಗಿ ಬೀಗ ಹಾಕಿಸಿಕೊಳ್ಳಲಿಲ್ಲ, ಗ್ರಂಥಾಲಯವಾಗಿಯೇ ಬಾಳುತ್ತಿದೆ.

ಹೊಸ ಗ್ರಂಥಾಲಯಗಳನ್ನು ಕಟ್ಟಹೊರಟ ಯಾವ ಊರೇ ಆಗಲಿ ಸಿಂಗಪುರದ ಈ ಎರಡು ಮನೆಗಳನ್ನು ಜೊತೆಯಲ್ಲಿಟ್ಟು ನೋಡಬೇಕು. ಕಟ್ಟಲೇಬೇಕಾದಾಗ ಸೂರ್ಯನ ದಾರಿಯನ್ನೂ ಗಾಳಿಯ ದಾರಿಯನ್ನೂ ಕೇಳಿಕೊಂಡು ಕಟ್ಟಬೇಕೆಂದು ವಿಕ್ಟೋರಿಯಾ ಬೀದಿಯ ಸೌಧ ಹೇಳುತ್ತದೆ. ಕಟ್ಟುವುದಕ್ಕೆ ಮೊದಲು, ಇರುವುದನ್ನು ಉಳಿಸಿಕೊಳ್ಳಲಾದೀತೇ ಎಂದು ನೋಡಬೇಕೆಂದು ಕ್ವೀನ್ಸ್‌ಟೌನಿನ ಗ್ರಂಥಾಲಯ ಹೇಳುತ್ತದೆ. 1970ರಲ್ಲಿ ಕಟ್ಟಿದ ಆ ಚಾವಣಿಯ ಕೆಳಗೆ, ಅಂದು ಪುಸ್ತಕಕ್ಕೆ ಕೈಚಾಚಿದ ಮಕ್ಕಳ ಮೊಮ್ಮಕ್ಕಳು ಇಂದು ಪುಟ ತಿರುವಬಹುದು. ಅದಕ್ಕಾಗಿ ಯಾರೂ ಒಂದು ಇಟ್ಟಿಗೆಯನ್ನೂ ಹೊಸದಾಗಿ ಸುಡಬೇಕಾಗಿ ಬರಲಿಲ್ಲ.